ಎಡ ಹೆಗಲು

ಕನ್ನಡಿಯಲ್ಲಿ ಶಿವಯೋಗಪ್ಪನಿಗೆ ಮೊದಲು ಕಾಣುವುದು ಕಾಲರು, ಆಮೇಲೆ ಹೆಗಲು, ಎಲ್ಲ ಮುಗಿದ ಮೇಲೆ ಮುಖ. ಕೊಟ್ಟೂರಿನ ಒಂದೇ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೂತು ಊರ ಗಂಡಸರ ಅಂಗಿ ಹೊಲಿದವನ ಕಣ್ಣಿಗೆ ಅದೇ ರೂಢಿ. ಇವತ್ತು ಕೂಡ್ಲಿಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದ ದಿನ. ಬಿಳಿ ಅಂಗಿಯ ಕಾಲರು ನೆಟ್ಟಗಿತ್ತು, ಹೆಗಲು ಸಮವಾಗಿತ್ತು. ಇನ್ನು ಮುಖ ನೋಡಿಕೊಳ್ಳಬೇಕು ಅನ್ನುವಷ್ಟರಲ್ಲಿ ಕನ್ನಡಿಯೊಳಗೆ ಇನ್ನೊಂದು ಮುಖ ಬಂದು ನಿಂತಿತು. ಎರಡು ವರ್ಷದಿಂದ ಹೀಗೇ. ಕತ್ತು ಹಿಂದಕ್ಕೆ ತಿರುಗಿಸಿದ ಅಂಜಿನಿಯ ಮುಖ: ಅಗಲವಾದ ಕಣ್ಣು, ಏನೋ ಕೇಳಲು ಹೊರಟಂತೆ ಅರ್ಧ ತೆರೆದ ಬಾಯಿ, ಕಾಲರಿನ ಕೆಳಗೆ ಒಂದು ಸಣ್ಣ ಬಿಳಿ ಗೆರೆ. ಪಕ್ಕೀರಮ್ಮನಿಗೆ ಬೈಕು ಗುದ್ದಿ, ನಿಲ್ಲಿಸದೆ, ಒಮ್ಮೆ ಮಾತ್ರ ತಿರುಗಿ ನೋಡಿ ಹೋದವನ ಮುಖ. ಶಿವಯೋಗಪ್ಪ ಅದನ್ನು ನೋಡಿದ್ದಾನೆ. ಪೊಲೀಸರಿಗೆ ಹೇಳಿದ್ದಾನೆ, ಊರಿಗೆ ಹೇಳಿದ್ದಾನೆ, ಪಕ್ಕೀರಮ್ಮನ ಮಗಳು ಓಬಮ್ಮನ ತಲೆ ಮುಟ್ಟಿ ಹೇಳಿದ್ದಾನೆ. ಇವತ್ತು ಕಟಕಟೆಯಲ್ಲಿ ನಿಂತು ಇನ್ನೊಂದು ಸಲ ಹೇಳಿದರೆ ಮುಗಿಯಿತು. ಆದರೂ ಸಮನ್ಸು ಬಂದ ದಿನದಿಂದ ದಿನಕ್ಕೆರಡು ಸಲ ಅದನ್ನು ಬಿಚ್ಚಿ ಓದುತ್ತಿದ್ದ; ಯಾಕೆ ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲ.

"ಹಣಿಗೆ ಈಬತ್ತಿ ಹಚ್ಕೊಂಡ್ರೇನು?" ಹೆಂಡತಿ ಪಂಪಮ್ಮ ಒಲೆಯ ಮುಂದಿನಿಂದ ಕೂಗಿದಳು.

"ಹಚ್ಕೊಂಡೀನಿ."

"ಜಡ್ಜ್ ಮುಂದ ನಿಂತು ತೊದಲಬ್ಯಾಡ್ರಿ. ನೋಡೀನಿ ಅಂದ್ರ ನೋಡೀನಿ, ಆತು. ನಾವೇನು ಸುಳ್ಳು ಹೇಳೂ ಮಂದಿ ಏನ್ರಿ? ಬೈಕು ಹೆಂಗ ಬಂತು, ಆಕಿ ಹೆಂಗ ಗಿರ್ರಂತ ತಿರುಗಿ ಬಿದ್ಲು, ಕೈಯಾಗಿನ ಚೀಲ ಹೆಂಗ ಚರಂಡಿತನ ಹಾರಿತು..."

"ನೀ ಎಲ್ಲಿದ್ದಿ ಆವಾಗ?"

"ಯಾಕ, ಇಲ್ಲೇ ಮನ್ಯಾಗಿದ್ದೆ."

"ಮತ್ತ?"

ಪಂಪಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡು ನಕ್ಕಳು. "ಹೌದಲ್ರೀ! ಆದ್ರ ನಂಗ ಕಣ್ಣಿಗೆ ಕಟ್ಟಿದಂಗ ಐತಿ ನೋಡ್ರಿ. ನೀವು ಹೇಳಿದ್ದು ಕೇಳಿ ಕೇಳಿ, ನಾನೂ ನಾಕು ಮಂದಿಗೆ ಹೇಳಿ ಹೇಳಿ, ಅಲ್ಲೇ ನಿಂತು ನೋಡಿದಂಗ ಆಗೈತಿ."

ಅವನೂ ನಕ್ಕ. ನಗು ಅರ್ಧಕ್ಕೇ ನಿಂತಿತು. ಮನೆಯೊಳಗೆ ರೊಟ್ಟಿ ಬಡಿಯುತ್ತಿದ್ದವಳ ಕಣ್ಣಿಗೆ ಬೀದಿಯ ಚರಂಡಿ ಕಟ್ಟಿಕೊಂಡಿದೆ. ಚೀಲದ ಬಣ್ಣ ಕೇಳಿದರೆ ಅದನ್ನೂ ಹೇಳಿಯಾಳು. ಅವಳು ಸುಳ್ಳುಗಾತಿಯಲ್ಲ, ಮದುವೆಯಾದ ಮೂವತ್ತು ವರ್ಷದಲ್ಲಿ ಉಪ್ಪಿನಷ್ಟು ಸುಳ್ಳು ಹೇಳಿದವಳಲ್ಲ. ಹಾಗಾದರೆ ಅವಳೊಳಗೆ ಆ ಚಿತ್ರ ಹೊಲಿದವರು ಯಾರು? ಚೀಲವಂತೂ ಹಾರಿತ್ತು, ಅದು ನಿಜ. ಆ ಚೀಲದೊಳಗೆ ಒಂದು ನೀಲಿ ಅಂಗಿ ಇತ್ತು ಅನ್ನುವುದನ್ನು ಮಾತ್ರ ಶಿವಯೋಗಪ್ಪ ಯಾರಿಗೂ ಹೇಳಿರಲಿಲ್ಲ, ಪಂಪಮ್ಮನಿಗೂ. ಪಕ್ಕೀರಮ್ಮ ಇಪ್ಪತ್ತೆರಡು ವರ್ಷ ಅವನ ಅಂಗಡಿಗೆ ಕಾಜಾ ಗುಂಡಿ ಹಾಕಿಕೊಟ್ಟವಳು. ಬೆಳಿಗ್ಗೆ ಆರು ಅಂಗಿ ಒಯ್ಯುವಳು, ಸಂಜೆ ತಂದು ಕೊಡುವಳು. ಗುಂಡಿ ತೂರುವ ಕಂಡಿಯ ಸುತ್ತ ಅವಳು ಹೊಲಿಯುವ ಕಾಜಾ ಎಂದರೆ ಇರುವೆ ಸಾಲು ಹೋದ ಹಾಗೆ ಒಂದೇ ಸಮ. ಅಣ್ಣಾ ಅಂತ ಕರೆಯುತ್ತಿದ್ದಳು. ಆ ಸಂಜೆ ಗಿರಾಕಿಯೊಬ್ಬ ಕೂತಿದ್ದ. ಗಿರಾಕಿಯ ಎದುರೇ ಶಿವಯೋಗಪ್ಪ ಅವಳಿಗೆ ಬೈದಿದ್ದ. ಒಂದು ಗುಂಡಿಗೆ ಬೈದಿದ್ದ. ಬೈದು ಅಂಗಿ ವಾಪಸ್ಸು ಅವಳ ಕೈಗೆ ಕೊಟ್ಟಿದ್ದ. ಅದಾಗಿ ಒಂದು ನಿಮಿಷವೂ ಆಗಿರಲಿಲ್ಲ, ಹೊರಗೆ ಆ ಸದ್ದು.

ಬಾಗಿಲಲ್ಲಿ ಸ್ಕೂಟಿಯ ಹಾರ್ನು ಕೇಳಿತು. ಓಬಮ್ಮ. ಆಶಾ ಕಾರ್ಯಕರ್ತೆಯ ಕೆಲಸಕ್ಕೆ ಇವತ್ತು ರಜೆ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡು, ಅವ್ವನ ಹಸಿರು ಸೀರೆ ಉಟ್ಟು ಬಂದಿದ್ದಳು. ಪಕ್ಕೀರಮ್ಮ ಅಣ್ಣಾ ಅನ್ನುತ್ತಿದ್ದುದರಿಂದ ಅವಳಿಗೆ ಶಿವಯೋಗಪ್ಪ ಸೋದರಮಾವ.

"ಬರ್ರಿ ಮಾಮಾ. ಬಸ್ಸಿಗೆ ಯಾಕ ಕಾಯ್ತೀರಿ, ನಾ ಕರ್ಕೊಂಡು ಹೋಗ್ತೀನಿ. ಅತ್ತೀ, ನಿಮ್ಮ ಯಜಮಾನ್ರನ್ನ ಬೀಳಿಸದಂಗ ತಂದು ಒಪ್ಪಿಸ್ತೀನಿ, ಹೆದರಬ್ಯಾಡ್ರಿ."

"ಬೀಳಿಸಿದ್ರ ಬೀಳಿಸು, ಸಾಕ್ಷಿ ಹೇಳಿಸ್ಕೊಂಡ ಮ್ಯಾಲೆ ಬೀಳಿಸವ್ವ," ಅಂದಳು ಪಂಪಮ್ಮ.

ಅಂಗಡಿಯ ಎದುರಿನ ಚಹಾದ ಉಚ್ಚಂಗೆಪ್ಪ ಸ್ಕೂಟಿಗೆ ಅಡ್ಡ ಕೈ ಹಾಕಿ ನಿಲ್ಲಿಸಿದ. ಅರ್ಧ ಅರ್ಧ ಗ್ಲಾಸು ಕುಡಿಸದೆ ಬಿಡಲಾರ. "ಹುಷಾರಾಗಿ ಹೇಳ್ರಿ ಟೇಲರ್. ನಿಮ್ಮ ಕಣ್ಣಂದ್ರ ಟೇಪು. ಜಡ್ಜ್ ಬೇಕಾರ ಪರೀಕ್ಷಾ ಮಾಡ್ಲಿ, ಕೂತಲ್ಲೇ ಅವ್ರ ಕೋಟಿನ ಅಳತಿ ಹೇಳ್ರಿ!" ಊರಲ್ಲಿ ಅದೊಂದು ಮಾತಾಗಿತ್ತು. ರಸ್ತೆಯ ಆಚೆ ನಡೆಯುವವನ ಎದೆ ಸುತ್ತಳತೆಯನ್ನು ಶಿವಯೋಗಪ್ಪ ಅರ್ಧ ಇಂಚು ತಪ್ಪದೆ ಹೇಳುತ್ತಿದ್ದ. ಉಚ್ಚಂಗೆಪ್ಪನ ಬೆಂಚಿನ ಮೇಲೆ ಎಷ್ಟೋ ಸಲ ಪಂದ್ಯ ಕಟ್ಟಿ ಚಹಾ ಗೆದ್ದಿದ್ದ. "ಅವತ್ತು ಬ್ಯಾರೆ ಕರೆಂಟ್ ಇರಲಿಲ್ಲ," ಅಂದ ಉಚ್ಚಂಗೆಪ್ಪ, ಗ್ಲಾಸು ಅಲುಬುತ್ತ. "ನಾ ಮೇಣದಬತ್ತಿ ಹಚ್ಚಿದ್ದೆ. ಆ ಕತ್ತಲದಾಗೂ ನೀವು ಗುರ್ತು ಹಿಡದ್ರಲ್ಲ, ಅದು ಕಣ್ಣು ಅಂದ್ರ."

"ಕರೆಂಟ್ ಇತ್ತಲೇ. ಬೀದಿ ಲೈಟ್ ಹತ್ತಿತ್ತು."

"ಇತ್ತೇನು?" ಉಚ್ಚಂಗೆಪ್ಪ ಒಂದು ಗಳಿಗೆ ಆಕಾಶ ನೋಡಿದ. "ಹಂಗಾರ ಇತ್ತು ಬಿಡ್ರಿ. ಮೇಣದಬತ್ತಿ ಹಚ್ಚಿದ್ದು ಬ್ಯಾರೆ ದಿನ ಇರಬೇಕು. ನಿಮಗಿಂತ ನನ್ನ ಕಣ್ಣು ದೊಡ್ಡದಲ್ಲ."

ಅಷ್ಟು ಸಲೀಸಾಗಿ ಅವನು ತನ್ನ ಮೇಣದಬತ್ತಿಯನ್ನು ಆರಿಸಿಬಿಟ್ಟಿದ್ದು ನೋಡಿ ಶಿವಯೋಗಪ್ಪನಿಗೆ ಚಹಾ ಕಹಿಯಾಯಿತು. ಕರೆಂಟ್ ಇರಲೇ ಇಲ್ಲ ಅಂತ ಅವನು ಹಟ ಹಿಡಿದಿದ್ದರೆ ಚೆನ್ನಾಗಿತ್ತು.

ಊರು ದಾಟಿದ ಮೇಲೆ ಗಾಳಿ ಹತ್ತಿತು. ಎರಡೂ ಕಡೆ ಮೆಕ್ಕೆಜೋಳ ಎದೆಮಟ್ಟ ಬಂದಿತ್ತು, ನಡುನಡುವೆ ಶೇಂಗಾದ ಹೊಲ, ಅಲ್ಲೊಂದು ಇಲ್ಲೊಂದು ಹುಣಸೆ ಮರ. ಓಬಮ್ಮ ಗಾಳಿಗೆ ಎದುರಾಗಿ ಕೂಗಿ ಕೂಗಿ ಮಾತಾಡುತ್ತಿದ್ದಳು. ಅರ್ಧ ಮಾತು ಹಾರಿಹೋಗುತ್ತಿತ್ತು. "ಮಾಮಾ, ಒಂದು ಮಾತು ಹೇಳ್ತೀನಿ. ಅವ್ವ ಹೋದ ಮ್ಯಾಲೆ ನಾ ಹುಚ್ಚಿ ಆಗ್ತಿದ್ದೆ. ಯಾರು, ಯಾರು ಅಂತ ಬೈಕ್ ಮ್ಯಾಲೆ ಹೋಗೋ ಪ್ರತಿಯೊಬ್ಬನ ಮುಖ ನೋಡ್ತಿದ್ದೆ. ನೀವು ನೋಡೀನಿ ಅಂದ್ರಿ ನೋಡ್ರಿ, ಅವತ್ತು ನಿದ್ದಿ ಬಂತು. ಎರಡು ವರ್ಷ ನಿಮ್ಮ ಮಾತಿನ ಮ್ಯಾಲೆ ನಿದ್ದಿ ಮಾಡೀನಿ." ಅವನು ಹೂಂ ಅಂದ. ಅವಳ ಬೆನ್ನು ಗೇಣಿನಷ್ಟು ದೂರದಲ್ಲಿತ್ತು. ಆ ಹೆಗಲು ಅವನಿಗೆ ಗೊತ್ತು. ಗಂಡಸರ ಬಟ್ಟೆ ಬಿಟ್ಟು ಬೇರೆ ಹೊಲಿಯದವನು ಪಕ್ಕೀರಮ್ಮನ ಮಾತಿಗೆ ಕಟ್ಟುಬಿದ್ದು ಈ ಹುಡುಗಿಯ ಶಾಲೆಯ ಯೂನಿಫಾರ್ಮು ವರ್ಷವರ್ಷ ಹೊಲಿದುಕೊಟ್ಟಿದ್ದ. ತಕ್ಕಡಿಯ ಕೋಲಿನಂತೆ ಸಮನಾದ ಹೆಗಲು, ಎಡ ಬಲ ಕೂದಲೆಳೆಯ ವ್ಯತ್ಯಾಸವಿಲ್ಲ ಅಂತ ಆಗಲೇ ಅಂದುಕೊಂಡಿದ್ದ. ಅಂಜಿನಿಯದು ಹಾಗಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಹದಿನಾರನೇ ವರ್ಷದಿಂದ ಚೀಲ ಹೊತ್ತು ಎಡ ಹೆಗಲು ಒಂದು ಬೆರಳು ಕೆಳಗೆ. ವಾರಿ ಅಂಜಿನಿ, ಅಂದರೆ ಓರೆ ಅಂಜಿನಿ, ಅಂತಲೇ ಗೆಳೆಯರು ಕರೆಯುವುದು. ಅವನ ಅಕ್ಕನ ಮದುವೆಗೆ ಉಡುಗೊರೆಯ ಆಯೇರಿ ಅಂಗಿ ಅಂತ ಹಗರಿಬೊಮ್ಮನಹಳ್ಳಿಯಿಂದ ಒಂದೇ ತಾನು ಬಟ್ಟೆ ತಂದು, ಶಿವಯೋಗಪ್ಪನ ಹತ್ತಿರವೇ ಮನೆಯ ಗಂಡಸರಿಗೆಲ್ಲ ಹನ್ನೊಂದು ಅಂಗಿ ಹೊಲಿಸಿದ್ದರು, ಎಲ್ಲವೂ ಒಂದೇ ಬೂದಿ ನೀಲಿ. ಹನ್ನೊಂದರಲ್ಲಿ ಅಂಜಿನಿಯದನ್ನು ಗುರುತಿಸುವುದು ಹೆಂಗ್ರಿ ಅಂತ ಸಬ್ ಇನ್ಸ್‌ಪೆಕ್ಟರ್ ಕೇಳಿದಾಗ ಶಿವಯೋಗಪ್ಪನಿಗೆ ನಗು ಬಂದಿತ್ತು. ಹೆಗಲು, ಸಾಹೇಬ್ರ, ಅಂದಿದ್ದ. ಬೈಕಿನ ಮ್ಯಾಲೆ ಎಡ ಹೆಗಲು ಇಳಿದಿತ್ತು. ಅದು ಅಂಜಿನಿ ಬಿಟ್ಟು ಬ್ಯಾರೆ ಯಾರೂ ಅಲ್ಲ. ಮುಖ ನೋಡಿದ್ರೇನ್ರಿ, ಅಂತ ಸಬ್ ಇನ್ಸ್‌ಪೆಕ್ಟರ್ ಕೇಳಿದ್ದ. ಅಂಜಿನಿ ಮುಖ ನಂಗೊತ್ತಿಲ್ಲೇನ್ರಿ ಸಾಹೇಬ್ರ! ಮುಖ ನೋಡಿದ್ದಾನೆ ಅಂತ ಠಾಣೆಯ ರೈಟರು ಬರೆದುಕೊಂಡಿದ್ದ.

ಎದುರಿಗೆ ಎಡಕ್ಕೊಂದು ತಿರುವು ಬಂತು. ಓಬಮ್ಮ ಸ್ಕೂಟಿಯನ್ನು ವಾಲಿಸಿದಳು. ತಕ್ಕಡಿಯ ಕೋಲು ಎಡಕ್ಕೆ ಇಳಿಯಿತು. ಒಂದು ಬೆರಳಲ್ಲ, ಎರಡು ಬೆರಳು. ತಿರುವು ಮುಗಿದ ಕೂಡಲೇ ಮತ್ತೆ ಸಮವಾಯಿತು.

ಶಿವಯೋಗಪ್ಪನಿಗೆ ಮೊದಲು ಏನೂ ಅನ್ನಿಸಲಿಲ್ಲ. ಕಣ್ಣು ಮಾತ್ರ ಆ ಹೆಗಲಿನ ಮೇಲೇ ನಿಂತಿತು. ಇನ್ನೊಂದು ತಿರುವಿಗೆ ಕಾದ. ಅದು ಬಲಕ್ಕಿತ್ತು, ಬಲ ಹೆಗಲು ಇಳಿಯಿತು. ಮತ್ತೆ ಎಡ ಬರಲಿ ಅಂತ ಕಾದ, ಬಾರದಿರಲಿ ಅಂತಲೂ ಕಾದ. ಬಂತು, ಇಳಿಯಿತು. ಅವನ ಅಂಗಡಿಯ ಮುಂದೆ ರಸ್ತೆ ಎಡಕ್ಕೇ ತಿರುಗುತ್ತದೆ. ಮೂವತ್ತೆಂಟು ವರ್ಷ ಆ ಮೂಲೆಯಲ್ಲಿ ಕೂತಿದ್ದಾನೆ. ಅಲ್ಲಿ ತಿರುಗಿ ಹೋಗುವ ಪ್ರತಿಯೊಬ್ಬನೂ, ಮೇಷ್ಟ್ರೂ ಹಾಲಿನವನೂ ಪೊಲೀಸನೂ, ಒಂದು ಗಳಿಗೆ ವಾರಿ ಅಂಜಿನಿಯೇ. ನಿಂತವರನ್ನು ಅಳೆದು ಅಳೆದು ಅಭ್ಯಾಸವಾದ ಕಣ್ಣು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಆದರೆ ಮುಖ? ಮುಖ ನೋಡಿದೆನಲ್ಲ. ಅಗಲವಾದ ಕಣ್ಣು, ಅರ್ಧ ತೆರೆದ ಬಾಯಿ. ಅವನು ಆ ಮುಖವನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದುಕೊಂಡಂತೆ ಇನ್ನೊಂದು ಕೆಟ್ಟ ಯೋಚನೆ ಬಂತು: ಆ ಮುಖ ಮೊದಲ ಸಲ ಬಂದದ್ದು ಯಾವಾಗ? ಬೈಕು ಹೋದಾಗಲೇ? ಪಕ್ಕೀರಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ತರ್ರೋ ಅಂತ ಕೂಗುವಾಗಲೇ? ಅಲ್ಲ. ಮೊದಲ ಹೇಳಿಕೆಗೆ ರುಜು ಹಾಕಿ ಠಾಣೆಯಿಂದ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಾಗ. ತಂಬಿಗೆ ಕೈಯಲ್ಲಿತ್ತು. ಆಗ ಬಂತು, ಬಂದು ಹೋಗಲೇ ಇಲ್ಲ.

"ಮಾಮಾ, ಯಾಕ ಮಾತಿಲ್ಲ?"

"ಗಾಳಿ ಐತವ್ವ."

ಕೋರ್ಟಿನ ಅಂಗಳದಲ್ಲಿ ಬೇವಿನ ಮರ ಒಂದೇ, ನೆರಳು ಬೇಕಾದವರು ನೂರು ಮಂದಿ. ಸರ್ಕಾರಿ ವಕೀಲ ಅರುಣಕುಮಾರ್ ಫೈಲು ಕಂಕುಳಲ್ಲಿಟ್ಟು ಬಂದು, ಶಿವಯೋಗಪ್ಪನ ಭುಜ ತಟ್ಟಿದ. "ಯಜಮಾನ್ರೇ, ಮೂರೇ ಮಾತು. ನೋಡಿದೆ, ಇವನೇ, ಅಂಗಿ ನಾನೇ ಹೊಲಿದದ್ದು. ಈ ಕೇಸಿನಲ್ಲಿ ಕಣ್ಣಾರೆ ನೋಡಿದವರು ನೀವೊಬ್ಬರೇ. ಬೈಕು ಸಿಕ್ಕಿಲ್ಲ, ನಂಬರು ಸಿಕ್ಕಿಲ್ಲ. ನೀವೇ ಕೇಸು." ಅಷ್ಟು ಹೇಳಿ ಇನ್ನೊಬ್ಬರ ಭುಜ ತಟ್ಟಲು ಹೋದ. ಮರದ ಕೆಳಗೆ ಅಂಜಿನಿಯ ತಾಯಿ ಜಂಬಕ್ಕ ಕೂತಿದ್ದಳು. ಮೊದಲು ಇವನ ಅಂಗಡಿಯ ಮುಂದೆ ಹಾದರೆ ನಿಂತು ಮಾತಾಡಿಸಿ ಹೋಗುವವಳು, ಎರಡು ವರ್ಷದಿಂದ ಆಚೆ ಬೀದಿಯಲ್ಲಿ ತಿರುಗಾಡುತ್ತಿದ್ದಳು. ಇವನನ್ನು ಕಂಡವಳು ಬೈದಾಳು ಅಂತ ಶಿವಯೋಗಪ್ಪ ಮೈ ಗಟ್ಟಿ ಮಾಡಿಕೊಂಡ. ಅವಳು ಪಕ್ಕದಲ್ಲಿದ್ದ ಬುತ್ತಿಯ ಗಂಟನ್ನು ತೊಡೆಗೆ ಎಳೆದುಕೊಂಡು ಜಾಗ ಮಾಡಿದಳು.

"ಕುಂದರ್ರಿ ಅಣ್ಣಾರ. ಬಿಸಿಲೈತಿ."

ಕೂರಲಿಕ್ಕೂ ಆಗಲಿಲ್ಲ, ಬೇಡ ಅನ್ನಲಿಕ್ಕೂ ಆಗಲಿಲ್ಲ. ಓಬಮ್ಮ ದೂರದಿಂದ ನೋಡುತ್ತಿದ್ದಳು. ಕೊನೆಗೆ ಅವನು ಅರ್ಧ ನೆರಳು ಅರ್ಧ ಬಿಸಿಲಲ್ಲಿ ನಿಂತುಕೊಂಡ. ಆಚೆ ಕಂಬಕ್ಕೆ ಒರಗಿ ಅಂಜಿನಿ ನಿಂತಿದ್ದ. ಇಪ್ಪತ್ತು ದಿನ ಒಳಗಿದ್ದು ಬಂದ ಮೇಲೆ ಯಾರ್ಡಿನಲ್ಲಿ ಯಾರೂ ಕರೆಯುವುದಿಲ್ಲವಂತೆ. ಎಲ್ಲೋ ಹಡಗಲಿ ಕಡೆ ಗಾರೆ ಕೆಲಸಕ್ಕೆ ಹೋಗುತ್ತಾನಂತೆ. ಮೈ ಇಳಿದಿತ್ತು. ಎದೆ ಮೂವತ್ತಾರು ಇದ್ದದ್ದು ಮೂವತ್ತನಾಲ್ಕು. ಶಿವಯೋಗಪ್ಪನ ಕಣ್ಣು ಕೇಳದೆಯೇ ಅಳೆಯಿತು. ಅಳೆದ ಕಣ್ಣಿನ ಮೇಲೆ ಅವನಿಗೆ ಸಿಟ್ಟು ಬಂತು.

ಕಟಕಟೆ ಅಂದರೆ ಸೊಂಟದೆತ್ತರದ ಮರದ ಚೌಕಟ್ಟು, ಎಷ್ಟೋ ಕೈ ಹಿಡಿದು ಹಿಡಿದು ಮೇಲ್ಭಾಗ ನುಣ್ಣಗಾಗಿತ್ತು. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ ಅಂತ ಹೇಳಿಸಿದರು, ಹೇಳಿದ. ನ್ಯಾಯಾಧೀಶರ ಕುರ್ಚಿಯಲ್ಲಿ ಓಬಮ್ಮನ ವಯಸ್ಸಿನ ಹೆಣ್ಣುಮಗಳು. ಅರುಣಕುಮಾರ್ ಊರು, ಕಸುಬು, ತಾರೀಕು ಕೇಳಿದ. ಹೇಳಿದ. ಆಮೇಲೆ ಅರಗಿನ ಮುದ್ರೆ ಒಡೆದು, ಬಟ್ಟೆಯ ಗಂಟು ಬಿಚ್ಚಿ, ಪೊಲೀಸರು ಜಪ್ತಿ ಮಾಡಿದ ಮುದ್ದೆಮಾಲು ಅಂತ ಚೀಟಿ ಹೊಲಿದ ಒಂದು ಅಂಗಿಯನ್ನು ತಂದು ಅವನ ಕೈಗೆ ಕೊಟ್ಟರು. ಬೂದಿ ನೀಲಿ. ಎರಡು ವರ್ಷ ಗಂಟಿನಲ್ಲಿ ಕೂತು ಮುದ್ದೆಯಾಗಿತ್ತು, ಮುಗ್ಗಲು ವಾಸನೆ.

"ಇದು ನೀವು ಹೊಲಿದ ಅಂಗಿಯೇ?"

ಅವನು ಮೊದಲು ಕಾಜಾ ನೋಡಿದ. ಇರುವೆ ಸಾಲು. ಪಕ್ಕೀರಮ್ಮ. ಅವಳ ಏಳು ಕಾಜಾಗಳು ಅವಳನ್ನು ಕೊಂದವನು ಅನ್ನಿಸಿಕೊಂಡವನ ಎದೆಯ ಮೇಲೆ ಕೂತಿದ್ದವು ಅನ್ನುವುದು ಇಲ್ಲಿಯವರೆಗೂ ಅವನಿಗೆ ಹೊಳೆದಿರಲಿಲ್ಲ. ಹೆಬ್ಬೆರಳು ತಾನಾಗಿ ಹೆಗಲಿನ ಹೊಲಿಗೆಗೆ ಹೋಯಿತು, ಹೊಲಿಗೆಯ ಗುಂಟ ಎಡಕ್ಕೆ ಸರಿಯಿತು, ಅಲ್ಲಿ ಏನೋ ದಪ್ಪ ಸಿಕ್ಕಿ ನಿಂತಿತು. ಒಳಗೆ ಮಡಿಕೆ ಹಾಕಿದ ಬಟ್ಟೆಯ ಪಟ್ಟಿ. ಒಂದು ಬೆರಳು ದಪ್ಪ.

ಫೋಟೋದಾಗ ವಾರಿ ಕಾಣಬಾರ್ದು ಕಾಕಾ. ಅಕ್ಕನ ಮದುವಿ, ಎಲ್ಲಾರ ಜೋಡಿ ನಿಲ್ಲಬೇಕು, ಈ ಹೆಗಲಿಗೆ ಏನರ ಮಾಡ್ರಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅಂಜಿನಿ ನಿಂತಿದ್ದಾನೆ, ಕಚ್ಚಾ ಹೊಲಿದ ಅಂಗಿ ತೊಟ್ಟಿದ್ದಾನೆ, ಶಿವಯೋಗಪ್ಪ ಬೆನ್ನ ಹಿಂದೆ ನಿಂತು ಇಳಿದ ಎಡ ಹೆಗಲು ಬಲದ ಸಮಕ್ಕೆ ಕಾಣಲಿ ಅಂತ ಒಳಗೆ ಪಟ್ಟಿ ತುರುಕಿ, ಬಾಯಲ್ಲಿ ಗುಂಡುಸೂಜಿ ಹಿಡಿದುಕೊಂಡೇ, ಕಾಲರಿನ ಕೆಳಗೆ ಬಳಪದಿಂದ ಒಂದು ಗೆರೆ ಎಳೆದಿದ್ದಾನೆ. ಅಂಜಿನಿ ಕನ್ನಡಿಯ ಮುಂದೆ ನಿಂತವನು ಕತ್ತು ಹಿಂದಕ್ಕೆ ತಿರುಗಿಸಿ, ಕಣ್ಣು ಅಗಲ ಮಾಡಿ, ಕೇಳುತ್ತಾನೆ. ಹಿಂದ ಹೆಂಗ ಕಾಣ್ತೈತಿ ಕಾಕಾ?

ಅದೇ ಮುಖ. ಅದೇ ಅರ್ಧ ತೆರೆದ ಬಾಯಿ. ಅದೇ ಬಿಳಿ ಗೆರೆ.

"ಯಜಮಾನ್ರೇ, ಇದು ನೀವು ಹೊಲಿದದ್ದೇ?"

"ಹೌದ್ರಿ. ನಾ ಹೊಲಿದದ್ದು. ಕಾಜಾ ಪಕ್ಕೀರಮ್ಮಂದು."

"ಆ ದಿನ ಸಂಜೆ ಈ ಅಂಗಿ ತೊಟ್ಟ ವ್ಯಕ್ತಿ, ಕಾಲರಿನ ಕೆಳಗೆ ಬಿಳಿ ಗೆರೆ ಇತ್ತು ಅಂತ ನಿಮ್ಮ ಎರಡನೇ ಹೇಳಿಕೆಯಲ್ಲಿದೆ, ಬೈಕಿನಲ್ಲಿ ಬಂದು ಮೃತಳಿಗೆ ಗುದ್ದಿ, ತಿರುಗಿ ನೋಡಿ ಹೋದ. ಬೀದಿದೀಪದ ಬೆಳಕಿನಲ್ಲಿ ನೀವು ಮುಖ ನೋಡಿದಿರಿ. ಆ ವ್ಯಕ್ತಿ ಇಲ್ಲಿದ್ದಾನೆಯೇ?"

"ಈ ಅಂಗಿಗೆ ಬಿಳಿ ಗೆರಿ ಇಲ್ರಿ," ಅಂದ ಶಿವಯೋಗಪ್ಪ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. "ಅದು ಬಳಪದ ಗೆರಿ. ಹೊಲಿಗಿ ಮುಗಿದ ಮ್ಯಾಲೆ ಒರಸಿಬಿಡ್ತೀವಿ. ಬೀದಿಯಾಗ ಆ ಗೆರಿ ಇರಾಕ ಸಾಧ್ಯ ಇಲ್ರಿ. ಅದು ನನ್ನ ಅಂಗಡ್ಯಾಗ ನೋಡಿದ್ದು. ಮುಖಾನೂ ಅಲ್ಲೇ ನೋಡಿದ್ದು."

ಟೈಪು ಮಾಡುತ್ತಿದ್ದವಳ ಕೈ ನಿಂತಿತು. ಅರುಣಕುಮಾರ್ ಮೆಲ್ಲಗೆ, ಮಗುವಿಗೆ ನೆನಪು ಮಾಡುವಂತೆ, "ಬೈಕಿನವನ ಮುಖ ನೋಡಿದೆ ಅಂತ ನೀವೇ ಹೇಳಿದ್ದೀರಿ," ಅಂದ.

"ಹೇಳೀನ್ರಿ. ಬೆನ್ನು ನೋಡೀನಿ. ನೀಲಿ ಬೆನ್ನು. ಎಡ ಹೆಗಲು ಇಳಿದಿತ್ತು, ಅದಕ್ಕ ಅಂಜಿನಿ ಅಂದೆ. ಎಡಕ್ಕ ತಿರುಗುವಾಗ ಎಲ್ಲಾರ ಹೆಗಲೂ ಇಳಿತೈತ್ರಿ. ಇಷ್ಟು ವರ್ಷ ನಂಗ ಗೊತ್ತಾಗಿದ್ದಿಲ್ಲ. ಇವತ್ತು ದಾರ್ಯಾಗ ಗೊತ್ತಾತು."

ಆಮೇಲೆ ಆದದ್ದೆಲ್ಲ ಅವನಿಗೆ ಬರೀ ಗಲಾಟೆಯ ಹಾಗೆ ಕೇಳಿಸಿತು. ಸಾಕ್ಷಿ ತಿರುಗಿಬಿದ್ದಿದ್ದಾನೆ ಅಂದರು. ಅಲ್ಲಿಯತನಕ ಭುಜ ತಟ್ಟುತ್ತಿದ್ದವನೇ ಬೆರಳು ತೋರಿಸಿ ಕೇಳತೊಡಗಿದ. ಆರೋಪಿಯ ಕಡೆಯವರು ಹೇಳಿಕೊಟ್ಟಿದ್ದಾರಲ್ಲವೇ? ಮರದ ಕೆಳಗೆ ಅವನ ತಾಯಿಯ ಜೊತೆ ನಿಂತಿದ್ದಿರಲ್ಲವೇ? ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕೊಟ್ಟೂರಿನ ಟೇಪಿನಂಥ ಕಣ್ಣು ಇಡೀ ಕೋರ್ಟಿನ ಎದುರು ಬತ್ತಲೆ ನಿಂತಂತಾಗಿ ಶಿವಯೋಗಪ್ಪನ ಕಿವಿ ಬಿಸಿಯಾಯಿತು. ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ, ವಾಪಸ್ಸು ಕೊಡುವುದು ಮರೆತಿದ್ದ. ನ್ಯಾಯಾಧೀಶೆ ಮುಂದಕ್ಕೆ ಬಾಗಿ ಕೇಳಿದರು: "ಹಾಗಾದರೆ ಆಗ ಸುಳ್ಳು ಹೇಳಿದಿರಾ?"

"ಇಲ್ಲವ್ವ. ಆವಾಗ ಹೇಳಿದ್ದೂ ಸುಳ್ಳಲ್ಲ, ನಂಗ ಹಂಗೇ ಕಾಣ್ತಿತ್ತು."

"ಸ್ವಾಮಿ ಅನ್ರಿ," ಗುಮಾಸ್ತ ಗದರಿದ.

"ಹಂಗೇ ಕಾಣ್ತಿತ್ತು ಸ್ವಾಮಿ. ಈಗೂ ಕಣ್ಣು ಮುಚ್ಚಿದ್ರ ಹಂಗೇ ಕಾಣ್ತೈತಿ. ಆದ್ರ ನಾ ನೋಡಿಲ್ಲ."

ನ್ಯಾಯಾಧೀಶೆ ಟೈಪಿನವಳ ಕಡೆ ತಿರುಗಿದರು. ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಅಂದರು.

ಹೊರಗೆ ಜಂಬಕ್ಕ ಕಾಲಿಗೆ ಬೀಳಲು ಬಂದಳು. ಅವನು ಹಿಂದೆ ಸರಿದ. "ಬ್ಯಾಡ ತಾಯಿ. ನಿನ್ನ ಮಗ ಅಲ್ಲ ಅಂತ ನಾ ಹೇಳಿಲ್ಲ. ನಾ ನೋಡಿಲ್ಲ ಅಂದೀನಿ, ಅಷ್ಟ." ಅವಳಿಗೆ ಅಷ್ಟು ಸಾಕಾಗಿತ್ತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಜಿನಿ ಹತ್ತಿರ ಬಂದ. "ಕಾಕಾ, ಆ ಅಂಗಿ ವಾಪಸ್ ಕೊಡ್ತಾರೇನ್ರಿ?" ಅಂದ. ಕೊಡ್ತಾರಪ್ಪ, ತಂದು ಕೊಡು, ಇಸ್ತ್ರಿ ಮಾಡಿ ಕೊಡ್ತೀನಿ ಅಂತ ಹೇಳಬೇಕೆನ್ನಿಸಿತು. ಬರೀ ತಲೆ ಆಡಿಸಿದ.

ಓಬಮ್ಮನ ಸ್ಕೂಟಿ ಗೇಟಿನ ಹತ್ತಿರ ಇರಲಿಲ್ಲ. ಇರಬಾರದು, ಯಾಕಿರಬೇಕು ಅಂದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಎರಡು ವರ್ಷದ ನಿದ್ದೆಯನ್ನು ಒಂದೇ ಮಾತಲ್ಲಿ ಕಸಿದುಕೊಂಡವನನ್ನು ಯಾರು ಕೂರಿಸಿಕೊಂಡು ಹೋಗುತ್ತಾರೆ? ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚು ಕಾದಿತ್ತು. ಕೊಟ್ಟೂರಿನ ಬಸ್ಸು ಒಂದು ಬಂದು ಹೋಯಿತು, ಅವನು ಏಳಲಿಲ್ಲ. ಇನ್ನೊಂದು ಬರುವಷ್ಟರಲ್ಲಿ ಸ್ಕೂಟಿ ಬಂದು ಕಾಲ ಮುಂದೆ ನಿಂತಿತು. ಅವಳ ಕಣ್ಣು ಕೆಂಪಾಗಿತ್ತು.

"ಹತ್ರಿ," ಅಂದಳು. "ಅತ್ತಿಗೆ ಮಾತು ಕೊಟ್ಟೀನಿ."

ಅರ್ಧ ದಾರಿಗೆ ಒಂದು ಹುಣಸೆ ಮರದ ನೆರಳಿನಲ್ಲಿ ಅವಳು ಬ್ರೇಕು ಹಾಕಿದಳು, ಇಳಿಯಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ.

"ಹಂಗಾರ ಯಾರು ಮಾಮಾ?"

"ಗೊತ್ತಿಲ್ಲವ್ವ."

"ಇನ್ಯಾವಾಗ ಗೊತ್ತಾಗ್ತೈತಿ?"

"ಗೊತ್ತಾಗಲಿಕ್ಕಿಲ್ಲ."

"ಮತ್ತ ನೀವು ಏನು ನೋಡಿದ್ರಿ?" ಅವಳ ದನಿ ಒಡೆಯಿತು. "ಅಷ್ಟು ದೊಡ್ಡ ಕಣ್ಣು ಇಟ್ಕೊಂಡು, ಹತ್ತು ಹೆಜ್ಜಿ ದೂರದಾಗ ಕೂತ್ಕೊಂಡು, ಏನೂ ನೋಡಿಲ್ಲೇನು ನೀವು?"

ಶಿವಯೋಗಪ್ಪ ಸ್ಕೂಟಿಯಿಂದ ಇಳಿದು ಮರದ ಬೇರಿನ ಮೇಲೆ ಕೂತ. ಹೇಳಬೇಕಾದದ್ದು ಈಗ ಹೇಳದಿದ್ದರೆ ಇದರ ಮೇಲೂ ಯಾವುದೋ ಮುಖ ಬಂದು ಕೂರುತ್ತದೆ ಅನ್ನಿಸಿತು. "ನೋಡೀನಿ," ಅಂದ. "ನಿಮ್ಮವ್ವನ್ನ ನೋಡೀನಿ. ಅವತ್ತು ಆರು ಅಂಗಿ ತಂದಿದ್ಲು. ಒಂದು ನೀಲಿ ಅಂಗಿಗೆ ಮೂರನೇ ಗುಂಡಿ ಬಿಳಿ ದಾರದಾಗ ಹಾಕಿದ್ಲು. ಗಿರಾಕಿ ಕೂತಿದ್ದ. ನಂಗ ಸಿಟ್ಟು ಬಂತು. ಕಣ್ಣು ಎಲ್ಲಿಟ್ಟಿದ್ದಿ ಅಂದೆ. ಅವನ ಮುಂದೇ ಅಂದೆ. ನಾಳಿ ಸರಿ ಮಾಡು ಅಂದಿದ್ರ ಆಗ್ತಿತ್ತು, ಹೊತ್ತು ಮುಳುಗಿತ್ತು. ಈಗ ಹೋಗಿ ಬಿಚ್ಚಿ ಹಾಕ್ಕೊಂಡು ಬಾ ಅಂದೆ. ಅದಕ್ಕ ಹೊಂಟಿದ್ಲು ಆಕಿ. ನಾ ಕಳಿಸಿದ್ದು. ಇದು ಯಾರಿಗೂ ಹೇಳಿಲ್ಲ. ಯಾರರ ಒಬ್ಬ ತಪ್ಪು ಮಾಡಿದವ ಬೇಕಾಗಿದ್ದ ನಂಗ."

ಓಬಮ್ಮ ಈಗ ತಿರುಗಿದಳು. "ಅವ್ವ ಏನಂದ್ಲು?"

"ಏನು?"

"ನೀವು ಕಣ್ಣು ಎಲ್ಲಿಟ್ಟಿದ್ದಿ ಅಂದಾಗ. ಸುಮ್ಮನಿರೋಳಲ್ಲ ಆಕಿ."

ಅವನು ಕಣ್ಣು ಮುಚ್ಚಿದ. ಇದನ್ನು ಎರಡು ವರ್ಷದಲ್ಲಿ ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ. ಯಾರೂ ಮುಟ್ಟದೆ, ಮಡಿಕೆ ಬಿಚ್ಚದೆ ಹಾಗೇ ಇತ್ತು. "ನಕ್ಲು," ಅಂದ. "ನಿಮ್ಮ ಅಂಗಡ್ಯಾಗ ಎಲ್ಲೋ ಇಟ್ಟು ಮರತೀನಿ ಅಣ್ಣಾ, ಕಸ ಹೊಡೆಯುವಾಗ ಸಿಕ್ಕರ ಎತ್ತಿಡ್ರಿ ಅಂದ್ಲು. ಗಿರಾಕೀನೂ ನಕ್ಕ. ನಾ ನಗಲಿಲ್ಲ. ಮೂರು ಮೆಟ್ಲು ಇಳಿದ್ಲು. ಕೊನೀ ಮೆಟ್ಲ ಮ್ಯಾಲೆ ನಿಂತು ಚೀಲ ಈ ಕೈಯಿಂದ ಈ ಕೈಗೆ ತಗೊಂಡ್ಲು, ತಲಿ ಮ್ಯಾಲೆ ಸೆರಗು ಎಳಕೊಂಡ್ಲು. ನಾ ಮಿಷಿನ್‌ಗೆ ತಲಿ ಹಾಕಿದೆ. ಸದ್ದು ಕೇಳಿ ಎತ್ತಿದಾಗ ಬೆನ್ನು ಕಂಡಿದ್ದು. ಇಷ್ಟ ನೋಡವ್ವ ನಾ ನೋಡಿದ್ದು."

ಮರದಿಂದ ಒಣಗಿದ ಎಲೆ ಒಂದೊಂದಾಗಿ ಉದುರುತ್ತಿತ್ತು. ಓಬಮ್ಮ ಅಳುತ್ತಿದ್ದಳು, ಅಳುತ್ತಲೇ ನಕ್ಕಳು, ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಸ ಹೊಡೆಯುವಾಗ ಎತ್ತಿಡ್ರಿ ಅಂದ್ಲೇನು! ಹಂಗೇ ಅಂತಾಳ ಆಕಿ." ಆಮೇಲೆ ಹೇಳಿದಳು: "ಆ ಅಂಗಿ ನಮ್ಮನ್ಯಾಗ ಐತಿ ಮಾಮಾ. ದವಾಖಾನ್ಯಾಗ ಚೀಲ ಕೊಟ್ಟಿದ್ರು. ಯಾರದೋ ಏನೋ ಅಂತ ಟ್ರಂಕಿನಾಗ ಇಟ್ಟೀನಿ. ಮೂರನೇ ಗುಂಡಿ ಬಿಳಿ ದಾರದ್ದು. ನಾ ಎಷ್ಟೋ ಸಲ ನೋಡೀನಿ. ಯಾಕ ಹಿಂಗ ಹಾಕ್ಯಾಳ ಅಂತ ಗೊತ್ತಾಗಿದ್ದಿಲ್ಲ."

ಶಿವಯೋಗಪ್ಪನಿಗೆ ಉಸಿರು ಬಂದಂತಾಯಿತು. ಗುಂಡಿ ಇದೆ. ಬಿಳಿ ದಾರವಿದೆ. ತಾನು ನೋಡಿದ್ದು ಒಂದಾದರೂ ಲೋಕದಲ್ಲಿ ಹಾಗೇ ಇದೆ.

"ಬಿಚ್ಚಬ್ಯಾಡವ್ವ ಅದನ್ನ," ಅಂದ.

"ಬಿಚ್ಚಂಗಿಲ್ಲ."

ಅವಳು ಸ್ಕೂಟಿ ಚಾಲೂ ಮಾಡಿದಳು. ಅವನು ಹತ್ತಿ, ಕೈ ಎಲ್ಲಿಡಬೇಕು ಅಂತ ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ. ಬಿಸಿಲು ಇಳಿಯುತ್ತಿತ್ತು, ಮೆಕ್ಕೆಜೋಳದ ಗರಿ ಹೊಳೆಯುತ್ತಿತ್ತು. ಎದುರಿನಿಂದ ಒಂದು ಬೈಕು ಬಂತು. ಓಬಮ್ಮನ ಕತ್ತು ಹಳೆಯ ರೂಢಿಯಂತೆ ಬೈಕಿನವನ ಮುಖದ ಕಡೆ ತಿರುಗಿದ್ದನ್ನು ಶಿವಯೋಗಪ್ಪ ನೋಡಿದ. ಇನ್ನು ಎಷ್ಟು ದಿನ ಹೀಗೆ ತಿರುಗುತ್ತದೋ.

"ಗಟ್ಟಿಯಾಗಿ ಹಿಡ್ಕೊಂಡು ಕುಂದರ್ರಿ ಮಾಮಾ," ಅಂದಳು. "ಮುಂದ ತಿರುವು ಐತಿ."

ಅವನು ಅವಳ ಎಡ ಹೆಗಲ ಮೇಲೆ ಕೈ ಇಟ್ಟ. ತಿರುವು ಬಂತು. ಹೆಗಲು ಮೆಲ್ಲಗೆ ಇಳಿಯಿತು, ಅವನ ಕೈಯೂ ಅದರ ಜೊತೆಗೇ ಇಳಿಯಿತು.